ಟ್ರ್ಯಾಕಿಂಗ್ ಹಾಕಿದ ಮೇಲೆ ನಮ್ಮ ಟ್ರಿಪ್ ಪಟ್ಟಿ ಬದಲಾದ ಬಗೆ

ಸರಕು ಲಾರಿಗಳ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಗಾಡಿಗಳಿಗೆ ಜಿಪಿಎಸ್ ಹಾಕಿಸೋಣ ಅಂದಾಗ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ವೇಗದ ಬಗ್ಗೆ. ಯಾರು ಜೋರಾಗಿ ಓಡಿಸ್ತಾರೆ ಅಂತ ಗೊತ್ತಾದರೆ ಸಾಕು ಅನ್ನುವುದು ಅವರ ಮಾತು. ಮೊದಲು ಡ್ರೈವರ್‌ಗಳು ಎಷ್ಟು ಹೊತ್ತು ಓಡಿಸುತ್ತಾರೆ ಅಂತ ನೋಡೋಣ ಅಂದೆ ನಾನು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಲಾರಿ ಪ್ರತಿ ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ನಿದ್ದೆಗೆಟ್ಟವರು ಮೂರು ಸೆಕೆಂಡ್ ತೂಕಡಿಸಿದರೂ ಗಾಡಿ 66 ಮೀಟರ್ ದಾಟಿರುತ್ತದೆ. ವೇಗದ ಮಿತಿಯೊಳಗೇ ಇದ್ದರೂ ಇದು ಅಪಾಯವೇ, ಅಲ್ವಾ?

ಅವಧಿಯ ನಿಯಮ ಒಂದೊಂದು ಕಡೆ ಒಂದೊಂದು ಥರ. ಯುರೋಪ್ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ಅಮೆರಿಕದಲ್ಲಿ ಸರಕು ಲಾರಿಯವರು ಕೆಲಸ ಶುರುಮಾಡಿದ 14 ಗಂಟೆಯೊಳಗೆ ಹೆಚ್ಚೆಂದರೆ 11 ಗಂಟೆ ಓಡಿಸಬಹುದು. 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಭಾರತದಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಇತ್ತು. ಅಂಕಿ ಯಾವುದೇ ಇರಲಿ, ಗಾಡಿ ಯಾವಾಗ ಹೊರಟಿತು, ಎಲ್ಲಿ ಎಷ್ಟು ಹೊತ್ತು ನಿಂತಿತು, ಓಡಿಸುತ್ತಿದ್ದವರು ಯಾರು ಅನ್ನುವುದಕ್ಕೆ ನಂಬುವಂಥ ದಾಖಲೆ ಬೇಕು.

ಕೊನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಜಿಪಿಎಸ್ ಹೇಳುವುದು ಗಾಡಿಯ ಕಥೆ, ಮನುಷ್ಯನದ್ದಲ್ಲ. ಒಂದೇ ಲಾರಿಯನ್ನು ಇಬ್ಬರು ಸರದಿಯಲ್ಲಿ ಓಡಿಸಿದರೆ ಗಾಡಿಯ ಗಂಟೆ ಜಾಸ್ತಿ ಕಾಣುತ್ತದೆ, ತಪ್ಪೇನೂ ಆಗಿರುವುದಿಲ್ಲ. ಒಬ್ಬರೇ ಎರಡು ಗಾಡಿ ಬದಲಿಸಿ ಓಡಿಸಿದರೆ ಎರಡೂ ವರದಿ ಚೊಕ್ಕವಾಗಿರುತ್ತವೆ, ಆದರೆ ಆ ಮನುಷ್ಯ ಸುಸ್ತಾಗಿರುತ್ತಾನೆ. ಅದಕ್ಕೆ ಪ್ರತಿ ಡ್ರೈವರ್‌ಗೂ ಒಂದು ಕಾರ್ಡ್ ಕೊಟ್ಟೆವು. ಸೀಟಿಗೆ ಕೂತವರು ತಮ್ಮ ಕಾರ್ಡ್ ತೋರಿಸಿಯೇ ಗಾಡಿ ತೆಗೆಯಬೇಕು. ಲೆಕ್ಕವೂ ಹೆಸರಿನ ಮೇಲೆ, ಗಾಡಿ ನಂಬರಿನ ಮೇಲಲ್ಲ.

ಸಮಯದ ವಿಚಾರದಲ್ಲೂ ಹುಷಾರಾಗಿರಬೇಕು. ಈ ಉಪಕರಣಗಳು ಸಾಮಾನ್ಯವಾಗಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ ಬರೆದಿಡುತ್ತವೆ. ವರದಿ ತೆಗೆಯುವಾಗ ಅದನ್ನು ಸ್ಥಳೀಯ ಸಮಯಕ್ಕೆ ತಿರುಗಿಸದಿದ್ದರೆ ದಿನ ಬದಲಾಗುವ ಗಳಿಗೆಯೇ ಆಚೀಚೆ ಆಗುತ್ತದೆ. ಒಂದೇ ಪಾಳಿ ಎರಡು ದಿನಕ್ಕೆ ಹಂಚಿಹೋಗಿ, ಮಿತಿ ಮೀರಿದ್ದು ಕಾಣಿಸುವುದೇ ಇಲ್ಲ. ಇನ್ನು, ನಿಂತ ಗಾಡಿಯ ಎಂಜಿನ್ ಓಡುತ್ತಿದ್ದರೆ ಅದನ್ನು ವಿಶ್ರಾಂತಿ ಅಂತ ಬರೆಯಬಾರದು. ಇಗ್ನಿಷನ್ ವೈರನ್ನು ಉಪಕರಣಕ್ಕೆ ಸರಿಯಾಗಿ ಜೋಡಿಸಿದ್ದರಷ್ಟೇ ಈ ವ್ಯತ್ಯಾಸ ತಿಳಿಯುತ್ತದೆ. ಜಿಪಿಎಸ್ ಪೆಟ್ಟಿಗೆಯನ್ನು ಸ್ಕ್ರೂ ಹಾಕಿ ಗಟ್ಟಿಯಾಗಿ ಕೂರಿಸಬೇಕು. ಅಲ್ಲಾಡುವ ಪೆಟ್ಟಿಗೆ ರಸ್ತೆಯ ಪ್ರತಿ ಗುಂಡಿಯನ್ನೂ ಜೋರು ಬ್ರೇಕ್ ಅಂತ ಬರೆದುಬಿಡುತ್ತದೆ.

ವೇಗದ ಎಚ್ಚರಿಕೆ ಬಂದಾಗಲೂ ತಕ್ಷಣ ಡ್ರೈವರ್‌ಗೆ ಫೋನ್ ಮಾಡಬೇಡಿ ಅಂತ ನಮ್ಮ ಹುಡುಗರಿಗೆ ಹೇಳಿದ್ದೇನೆ. ಮೊದಲು ನಕ್ಷೆ ತೆಗೆದು ನೋಡಬೇಕು. ಹೆದ್ದಾರಿಯ ಪಕ್ಕದಲ್ಲೇ ವೇಗದ ಮಿತಿ ಕಡಿಮೆ ಇರುವ ಸರ್ವಿಸ್ ರಸ್ತೆ ಇದ್ದರೆ ಗಾಡಿ ಆ ರಸ್ತೆಯಲ್ಲಿದೆ ಅಂತ ವ್ಯವಸ್ಥೆ ತಿಳಿದುಕೊಳ್ಳಬಹುದು. ಆಗ ಹೆದ್ದಾರಿಯಲ್ಲಿ ನೆಟ್ಟಗೆ ಓಡಿಸಿದವರ ಮೇಲೂ ದೂರು ಬೀಳುತ್ತದೆ. ನಕ್ಷೆಯಲ್ಲಿರುವ ಮಿತಿ ಎಷ್ಟೋ ಸಲ ಕಾರಿನದ್ದು, ಲಾರಿಯದ್ದಲ್ಲ. ಮೀಟರ್ ಒಂದು ತೋರಿಸಿತು, ನಿಮ್ಮ ಪೆಟ್ಟಿಗೆ ಇನ್ನೊಂದು ತೋರಿಸಿತು ಅಂತಲೂ ವಾದ ಬರುತ್ತದೆ. ವಿಶ್ವಸಂಸ್ಥೆಯ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಸ್ವಲ್ಪ ಜಾಸ್ತಿ ತೋರಿಸಬಹುದು. ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ಡ್ರೈವರ್‌ಗಳಿಗೆ ಅರ್ಥವಾಗುತ್ತದೆ.

ಅವಧಿಯ ಲೆಕ್ಕ ಸರಿಯಾಗಿ ಸಿಗತೊಡಗಿದ ಮೇಲೆ ಒಂದು ವಿಷಯ ಎದ್ದು ಕಂಡಿತು. ಮಿತಿ ಮೀರಿದ ಟ್ರಿಪ್‌ಗಳು ಯಾರೋ ಒಬ್ಬಿಬ್ಬರ ಹೆಸರಿನಲ್ಲಿ ಇರಲಿಲ್ಲ. ಕೆಲವೇ ಕೆಲವು ಲೋಡಿಂಗ್ ಜಾಗಗಳಿಂದ ಹೊರಟವಾಗಿದ್ದವು. ಅಂಥ ಒಬ್ಬ ಡ್ರೈವರನ್ನು ಕರೆದು ಕೇಳಿದೆ.

"ಸರ್, ನಾನು ಬೆಳಗ್ಗೆನೇ ಹೋಗಿ ಕಾಯ್ತಿದ್ದೆ. ಗೇಟ್ ಒಳಗೆ ಬಿಟ್ಟಿದ್ದೇ ಮಧ್ಯಾಹ್ನ. ಸಂಜೆ ಲೋಡ್ ಆಯ್ತು. ಬೆಳಗಾಗೋದ್ರೊಳಗೆ ತಲುಪಿಸಿ ಅಂತ ಆಫೀಸಿಂದ ಫೋನ್ ಬಂತು. ಮಲಗೋದು ಯಾವಾಗ ಹೇಳಿ?"

ಆ ಜಾಗದ ಸುತ್ತ ನಕ್ಷೆಯಲ್ಲಿ ಗಡಿ ಹಾಕಿ ಹಳೆಯ ದಾಖಲೆ ತೆಗೆದೆ. ಗಾಡಿ ಗಡಿಯೊಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ನಡುವೆ ಸರದಿಗಾಗಿ ಎಂಜಿನ್ ಹಾಕಿ ಹಾಕಿ ಆರಿಸಿದ್ದು, ಎಲ್ಲವೂ ಅವರು ಹೇಳಿದ ಹಾಗೇ ಇತ್ತು. ಅಂಥವರ ಮೇಲೆ ದಂಡ ಹಾಕುವುದು ಅನ್ಯಾಯ. ನನಗೆ ಇದರಲ್ಲಿ ಎರಡನೇ ಮಾತಿಲ್ಲ. ಟ್ರಿಪ್ ಪಟ್ಟಿ ಬರೆಯುವವರೇ ಲೋಡಿಂಗ್‌ಗೆ ಕಾಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅದೇ ದಾಖಲೆ ಹಿಡಿದುಕೊಂಡು ಲೋಡ್ ಕೊಡುವವರ ಜೊತೆ ಕೂತೆವು. ಸುಮ್ನೆ ದೂರಿದ್ದರೆ ಯಾರೂ ಕೇಳುತ್ತಿರಲಿಲ್ಲ. ಗೇಟಿನ ಹೊತ್ತು ಬರೆದ ಹಾಳೆ ಮುಂದಿಟ್ಟಾಗ ಮಾತು ನಡೆಯಿತು. ಕೆಲವರು ಗಾಡಿಗೆ ಇಂಥ ಹೊತ್ತು ಅಂತ ನಿಗದಿ ಮಾಡಿದರು. ಒಪ್ಪದ ಕಡೆ ನಾವೇ ಪಟ್ಟಿ ಬದಲಿಸಿದೆವು. ಅಲ್ಲಿಂದ ಹೊರಡುವ ಲೋಡು ಈಗ ಮಾರನೇ ದಿನ ತಲುಪುತ್ತದೆ, ಇಲ್ಲವೇ ದಾರಿಯಲ್ಲಿ ಇನ್ನೊಬ್ಬ ಡ್ರೈವರ್ ಹತ್ತುತ್ತಾರೆ.

ಎಚ್ಚರಿಕೆ ಹೋಗುವ ದಾರಿಯನ್ನೂ ತಿರುಗಿಸಿದೆವು. ಮಿತಿ ಮುಟ್ಟಲು ಇನ್ನೊಂದು ಗಂಟೆ ಇರುವಾಗಲೇ ಟ್ರಿಪ್ ಹಂಚುವವರ ಪರದೆಯ ಮೇಲೆ ಹೆಸರು ಬರುತ್ತದೆ. ಗಾಡಿ ನಿಲ್ಲಿಸಲು ಸುರಕ್ಷಿತ ಜಾಗ ಹುಡುಕಿ ಹೇಳುವುದು ಅವರ ಹೊಣೆ. ನೆಟ್‌ವರ್ಕ್ ಸಿಗದ ಕಡೆ ಉಪಕರಣ ಮಾಹಿತಿಯನ್ನು ಕೂಡಿಟ್ಟುಕೊಂಡು ಆಮೇಲೆ ಕಳಿಸುತ್ತದೆ. ದಾಖಲೆಗೆ ಅಷ್ಟು ಸಾಕು, ಆದರೆ ಎಚ್ಚರಿಕೆ ತಡವಾಗಿಬಿಡುತ್ತದೆ. ಅದಕ್ಕೇ ಕ್ಯಾಬಿನ್ನಿನಲ್ಲಿ ಒಂದು ಬಜರ್ ಇದೆ. ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಅದು ಬಡಿದುಕೊಂಡ ಮೇಲೆ ಡ್ರೈವರ್ ಗಾಡಿ ನಿಲ್ಲಿಸಿದರೆ, ಲೋಡ್ ತಡವಾಗಿದ್ದಕ್ಕೆ ಉತ್ತರ ಹೇಳಬೇಕಾದವರು ಆಫೀಸಿನವರು. ಇದನ್ನು ಬರವಣಿಗೆಯಲ್ಲಿ ಕೊಟ್ಟಿದ್ದೇವೆ.