ಪುಣೆಯ ಮಳೆಯಲ್ಲಿ ಒಣಗಿದ ಕಾರ್ಡು

ಜುಲೈ ತಿಂಗಳಲ್ಲಿ ಭೋಸರಿಯಲ್ಲಿ ಹಪ್ಪಳವೇ ಒಣಗುವುದಿಲ್ಲ, ಇವರು ರಕ್ತದ ಕಾರ್ಡು ಒಣಗಿಸುತ್ತಾರಂತೆ ಎಂದು ನನ್ನನ್ನು ನೋಡಿ ನಕ್ಕವರೇ ಹೆಚ್ಚು. ಕಾರ್ಡೆಂದರೆ ಎಳೆಗೂಸುಗಳ ಎಚ್‌ಐವಿ ಪರೀಕ್ಷೆಗೆಂದು ರಕ್ತದ ಹನಿ ಹೀರಿಸಿದ ಕಾಗದ. ಎಳೆಗೂಸಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳು ಹದಿನೆಂಟು ತಿಂಗಳವರೆಗೂ ಉಳಿಯಬಹುದು. ಹಾಗಾಗಿ ಪ್ರತಿಕಾಯ ಕಂಡಮಾತ್ರಕ್ಕೆ ಮಗುವಿಗೆ ಸೋಂಕಿದೆ ಎನ್ನಲಾಗದು. ಎಚ್‌ಐವಿಯ ಪ್ರೊವೈರಲ್ ಡಿಎನ್‌ಎಯನ್ನೇ, ಅಂದರೆ ಕೋಶದ ಡಿಎನ್‌ಎಯೊಳಗೆ ಸೇರಿಕೊಂಡ ವೈರಸ್‌ನ ಪ್ರತಿಯನ್ನೇ, ಹಿಡಿಯದೆ ಗತಿಯಿರಲಿಲ್ಲ. ಹಳ್ಳಿಯಿಂದ ರಕ್ತದ ಟ್ಯೂಬು ತಣ್ಣಗೆ ಬರುವ ಭರವಸೆಯೂ ಇರಲಿಲ್ಲ. ಅದಕ್ಕೇ ಕಾರ್ಡು.

ಮೊದಲ ವರ್ಷ ಮೇಜಿನ ಮೇಲೆ ಹರವಿಟ್ಟ ಕಾರ್ಡುಗಳಿಗೆ ನಾಲ್ಕೇ ದಿನದಲ್ಲಿ ಬೂಷ್ಟು ಹಿಡಿಯಿತು. ಧಾರವಾಡದ ನಮ್ಮ ಮನೆಯಲ್ಲಿ ಉಪ್ಪಿನ ಭರಣಿಗೆ ಹುರಿದ ಅಕ್ಕಿ ಹಾಕುತ್ತಿದ್ದರು, ಅದನ್ನೂ ಪ್ರಯತ್ನಿಸಿದೆ. ಅಕ್ಕಿಗೆ ಹುಳ ಬಿತ್ತು, ಅಷ್ಟೇ. ಕೊನೆಗೆ ಕೈ ಹಿಡಿದದ್ದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಮತ್ತು ನೀಲಿ ಸಿಲಿಕಾ ಜೆಲ್. ಜೆಲ್ ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದೊಡನೆ ಓವನ್‌ಗೆ ಹಾಕಿ ಮತ್ತೆ ನೀಲಿ ಮಾಡುತ್ತಿದ್ದೆ.

ಡಿಎನ್‌ಎ ತೆಗೆಯಲು ಕಿಟ್ ಬಳಸಿದರೆ ಆಗ ಒಂದು ಮಾದರಿಗೆ ಹೆಚ್ಚೂಕಡಿಮೆ 250 ರೂಪಾಯಿ ಬೀಳುತ್ತಿತ್ತು. ಚೆಲೆಕ್ಸ್ ಎಂಬ ರಾಳದ ಸಣ್ಣ ಮಣಿಗಳ ಜೊತೆ ಕುದಿಸಿದರೆ ಹತ್ತೋ ಹನ್ನೆರಡೋ. ಆದರೆ ಕಂದು ಬಣ್ಣ ಪೂರ್ತಿ ತೊಳೆದುಹೋಗದಿದ್ದರೆ ಅದರಲ್ಲಿನ ಹಿಮೋಗ್ಲೋಬಿನ್, ಡಿಎನ್‌ಎಯನ್ನು ಪ್ರತಿ ಮಾಡಿ ಹೆಚ್ಚಿಸುವ ಪಿಸಿಆರ್ ಅನ್ನು ಕೊಲ್ಲುತ್ತದೆ. ಹಿಮೋಗ್ಲೋಬಿನ್ನಿನ ಕಾಟ ತಗ್ಗಿಸಲು ಬಿಎಸ್‌ಎ (ದನದ ರಕ್ತದಿಂದ ತೆಗೆದ ಪ್ರೋಟೀನ್) ಸೇರಿಸಿ. ಎಷ್ಟು ಎಂದು ಹೇಳುವುದಿಲ್ಲ, ಆ ಪ್ರಮಾಣ ಹುಡುಕಲು ನನಗೆ ಮೂರು ತಿಂಗಳು ಹಿಡಿದಿದೆ. ಎಚ್‌ಐವಿಯ ಬಿ ಉಪವಿಧಕ್ಕೆಂದು ರೂಪಿಸಿದ ಪ್ರೈಮರ್‌ಗಳನ್ನು (ಪಿಸಿಆರ್‌ಗೆ ಗುರಿ ತೋರಿಸುವ ಡಿಎನ್‌ಎ ತುಣುಕುಗಳನ್ನು) ನಂಬಿ ಇನ್ನೆರಡು ತಿಂಗಳು ಕಳೆದೆ. ನಮ್ಮಲ್ಲಿರುವುದು ಬಹುಪಾಲು ಸಿ.

ನಿಜವಾದ ಪೆಟ್ಟು ಬಿದ್ದದ್ದು ನೆಗೆಟಿವ್ ಕಂಟ್ರೋಲ್‌ನಲ್ಲಿ, ಅಂದರೆ ವೈರಸ್ಸೇ ಇರದ ಮಾದರಿಯಲ್ಲಿ, ವೈರಸ್ ಇದೆ ಎನ್ನುವ ಪಟ್ಟಿ ಮೂಡಿದ ದಿನ. ಎರಡು ಸುತ್ತಿನ ನೆಸ್ಟೆಡ್ ಪಿಸಿಆರ್ ಮಾಡುವವರಿಗೆ ಆ ದಿನ ಗೊತ್ತು. ಸುಮಾರು 18 ಸಾವಿರ ರೂಪಾಯಿಯ ರೀಏಜೆಂಟ್ ಚೆಲ್ಲಿದೆ, ಪಟ್ಟಿ ಹೋಗಲಿಲ್ಲ. ಪಿಸಿಆರ್‌ನಲ್ಲಿ ಹೆಚ್ಚಿದ ಡಿಎನ್‌ಎಯನ್ನು ಜೆಲ್‌ಗೆ ಹಾಕಿ ನೋಡುವ ಕೋಣೆಯ ಪಿಪೆಟ್ ಒಂದನ್ನು ಯಾರೋ ಈಚೆ ತಂದು, ಒರೆಸಿ, ಜಾಣರಂತೆ ಸ್ಟ್ಯಾಂಡಿಗೆ ತೂಗುಹಾಕಿದ್ದರು. ಆ ‘ಯಾರೋ’ ನಾನೇ.

ಒಮ್ಮೆ ಒಂದು ಆಸ್ಪತ್ರೆಯಿಂದ ಬಂದ ಇಪ್ಪತ್ತು ಕಾರ್ಡುಗಳಲ್ಲಿ ಆಂತರಿಕ ಕಂಟ್ರೋಲ್ ಜೀನ್, ಅಂದರೆ ಯಾರ ರಕ್ತದಲ್ಲಾದರೂ ಕಾಣಲೇಬೇಕಾದ ಮನುಷ್ಯನ ಜೀನ್, ಕೂಡ ಬರಲಿಲ್ಲ. ವಿಚಾರಿಸಿದರೆ, ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಿಂದ ತೊಟ್ಟಿಕ್ಕಿಸಿದ್ದರು. ಹೆಪಾರಿನ್ ಕೂಡ ಪಿಸಿಆರ್ ಅನ್ನು ತಡೆಯುತ್ತದೆ. ನೇರಳೆ ಮುಚ್ಚಳದ್ದು, ಇಲ್ಲವೇ ನೇರವಾಗಿ ಹಿಮ್ಮಡಿ ಚುಚ್ಚಿದ್ದು. ಬೇರೆ ಯಾವುದೂ ಬೇಡ ಎಂದು ಅಂದಿನಿಂದ ಕಾರ್ಡಿನ ಲಕೋಟೆಯ ಮೇಲೆಯೇ ಬರೆಸಿದ್ದೇನೆ.

ನಡುವೆ ಒಂದು ಅಡ್ಡದಾರಿ. ಕೋಶಕ್ಕೊಂದು ಪ್ರೊವೈರಸ್ ಎಂದು 8ಇ5 ಎಂಬ ಪ್ರಯೋಗಾಲಯದ ಕೋಶಗಳನ್ನು ಅಳತೆಗೋಲಾಗಿ ಬೆಳೆಸಿದೆ. ಪದೇ ಪದೇ ಬೆಳೆಸಿದಂತೆ ಅವು ಪ್ರೊವೈರಸ್ ಅನ್ನೇ ಕಳೆದುಕೊಳ್ಳುತ್ತವೆ. ನನ್ನ ಪರೀಕ್ಷೆ ಮೊಂಡಾಯಿತೆಂದು ತಿಂಗಳುಗಟ್ಟಲೆ ಕೊರಗಿದ್ದೆ, ಮೊಂಡಾದದ್ದು ಅಳತೆಗೋಲು!

ಇಷ್ಟೆಲ್ಲ ಆಗಿ ಒಂದು ಮಳೆಗಾಲದ ಕೊನೆಗೆ, 43 ಕಾರ್ಡುಗಳಲ್ಲಿ 41ರ ಫಲಿತಾಂಶ ದ್ರವ ರಕ್ತದ ಫಲಿತಾಂಶಕ್ಕೆ ತಾಳೆಯಾಯಿತು. ಉಳಿದೆರಡರಲ್ಲಿ ಒಂದು ನನ್ನದೇ ಲೇಬಲ್ ತಪ್ಪು. ನಕ್ಕವರಲ್ಲಿ ಒಬ್ಬರು ಕಳೆದ ಜೂನ್‌ನಲ್ಲಿ ನನ್ನ ಸ್ಟೀಲ್ ಡಬ್ಬಿಯನ್ನು ಎರವಲು ಒಯ್ದರು. ಅದು ಇನ್ನೂ ಮರಳಿ ಬಂದಿಲ್ಲ.