‘ಸಿಗಲಿಲ್ಲ’ ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿಸುತ್ತೇನೆ: ನನ್ನ ಅನುಭವ

ಇಂಗ್ಲಿಷ್ ಕಲಿಸುವಾಗ ನುಡಿಗಟ್ಟುಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದನ್ನು ಬಿಟ್ಟಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಆಫೀಸುಗಳಿಗೆ ಸೇರುವವರಿಗೆ ಈಗ ಪಾಠ ಶುರುವಾಗುವುದು ಕನ್ನಡದ ಮಾತಿನಿಂದಲೇ. ಲಾಂಗ್ ನೋಟ್‌ಬುಕ್ಕಿನ ಪುಟಕ್ಕೆ ಎರಡು ಗೆರೆ ಎಳೆದರೆ ಮೂರು ಕಾಲಂ: ಎಡಕ್ಕೆ ಮನೆಯಲ್ಲಿ ಆಡುವ ಮಾತು, ನಡುವೆ ಇಂಗ್ಲಿಷಿನ ಇಡೀ ವಾಕ್ಯ, ಬಲಕ್ಕೆ ಅದನ್ನು ಯಾರ ಹತ್ತಿರ ಆಡಬಹುದು ಅನ್ನೋದು. ವಾರಕ್ಕೆ 6 ಸಾಲು ಸಾಕು. 10 ದಾಟಿದರೆ ಕಲಸುಮೇಲೋಗರ.

ಮೊದಲ ಸಾಲು ‘ಸರ್ ಫೋನಿಗೆ ಸಿಗಲಿಲ್ಲ’. ಇದನ್ನು ಬಹಳ ಜನ ‘ಸರ್ ಡಿಡ್ ನಾಟ್ ಗೆಟ್’ ಅನ್ನುತ್ತಾರೆ. ಕಾರಣ ಇಷ್ಟೆ: ಕನ್ನಡದಲ್ಲಿ ಸಿಗದವರೇ ಕರ್ತೃ, ಇಂಗ್ಲಿಷಿನಲ್ಲಿ ಹುಡುಕುವವರು ಕರ್ತೃ. ಹಾಗಾಗಿ ‘ಐ’ ಇಂದ ಶುರು ಮಾಡಿಸುತ್ತೇನೆ. ಇನ್ನೊಂದು ತೊಡಕೆಂದರೆ, ನಮ್ಮ ‘ಸಿಗು’ ಲೈನಿಗೂ ಆಗುತ್ತದೆ, ಆಸಾಮಿಗೂ ಆಗುತ್ತದೆ. ಲೈನೇ ಸಿಗದಿದ್ದರೆ ‘ಐ ಕುಡಂಟ್ ಗೆಟ್ ಥ್ರೂ’. ರಿಂಗಾಗಿಯೂ ಆಸಾಮಿ ಸಿಗದಿದ್ದರೆ ‘ಐ ಕುಡಂಟ್ ಗೆಟ್ ಹೋಲ್ಡ್ ಆಫ್ ಹಿಮ್’; ಇಲ್ಲಿ ‘ಆಫ್’ ಬಿಡುವಂತಿಲ್ಲ. ನೀವು ಮಾಡಿದಾಗ ಅವರಿಲ್ಲ, ಅವರು ಮಾಡಿದಾಗ ನೀವಿಲ್ಲ, ಹೀಗೇ ನಡೆದರೆ ‘ವಿ ಆರ್ ಪ್ಲೇಯಿಂಗ್ ಫೋನ್ ಟ್ಯಾಗ್’. ಟ್ಯಾಗ್ ಅಂದರೆ ನಮ್ಮ ಜೂಟಾಟವೇ. ಅದನ್ನು ಹೇಳಿಬಿಟ್ಟರೆ ಈ ಸಾಲನ್ನು ಯಾರೂ ಮರೆಯುವುದಿಲ್ಲ.

‘ಟಚ್’ ಇನ್ನೂ ಮೋಸ, ಯಾಕೆಂದರೆ ಅದು ಆಗಲೇ ನಮ್ಮ ಬಾಯಲ್ಲಿದೆ. ವೀಣೆಯೂ ‘ಟಚ್ ಬಿಟ್ಟುಹೋಗಿದೆ’, ಹಳೆಯ ಸ್ನೇಹಿತರೂ ‘ಟಚ್ ಬಿಟ್ಟುಹೋಗಿದ್ದಾರೆ’. ಇಂಗ್ಲಿಷಿನಲ್ಲಿ ವೀಣೆಗೆ ‘ಐ ಆಮ್ ಔಟ್ ಆಫ್ ಪ್ರಾಕ್ಟೀಸ್’, ಸ್ನೇಹಿತರಿಗೆ ‘ವಿ ಲಾಸ್ಟ್ ಟಚ್’. ‘ಗೆಟ್ ಇನ್ ಟಚ್’ ಒಂದು ಸಲ ಸಂಪರ್ಕಿಸುವುದಕ್ಕೆ, ‘ಕೀಪ್ ಇನ್ ಟಚ್’ ಬಿಡದೆ ಒಡನಾಟ ಇಟ್ಟುಕೊಳ್ಳುವುದಕ್ಕೆ. ಯಾರ ಜೊತೆ ಎಂದು ಹೇಳುವುದಾದರೆ ಎರಡರ ನಂತರವೂ ‘ವಿತ್’ ಬೇಕು. ಆದರೆ ‘ಕಾಂಟ್ಯಾಕ್ಟ್’ ಕ್ರಿಯಾಪದವಾದಾಗ ‘ವಿತ್’ ಬೇಡ: ‘ಕಾಂಟ್ಯಾಕ್ಟ್ ಹಿಮ್’ ಅಷ್ಟೆ. ಇಂಟರ್‌ವ್ಯೂ ಮುಗಿದ ಮೇಲೆ ಬರುವ ‘ವಿ ವಿಲ್ ಬಿ ಇನ್ ಟಚ್’ಗೆ ನಮ್ಮ ‘ನೋಡೋಣ, ತಿಳಿಸ್ತೀವಿ’ಯಷ್ಟೇ ತೂಕ.

‘ಡ್ರಾಪ್ ಮಿ ಎ ಲೈನ್’ ಅಂದರೆ ಎರಡು ಸಾಲು ಬರೆದು ಹಾಕಿ ಅಂತ. ‘ಎ ಲೈನ್’ ನುಂಗಿದರೆ ಆಟೋದವರಿಗೆ ಹೇಳಿದ ಹಾಗಾಗುತ್ತದೆ.

‘ಗಾಳಿಸುದ್ದಿ’ಗೆ ‘ಗ್ರೇಪ್‌ವೈನ್’ ಎಂದು ಬರೆಸುವವರಿದ್ದಾರೆ; ನಾನು ಬರೆಸುವುದಿಲ್ಲ. ಗಾಳಿಸುದ್ದಿ ಎಂದಾಗಲೇ ಅದನ್ನು ನಂಬಬೇಡಿ ಎಂದಂತೆ. ಗ್ರೇಪ್‌ವೈನ್ ಸುದ್ದಿ ಬಂದ ದಾರಿಯನ್ನಷ್ಟೇ ಹೇಳುತ್ತದೆ, ಸುದ್ದಿ ನಿಜವೂ ಇರಬಹುದು. ‘ಅವರಿವರಿಂದ ಕಿವಿಗೆ ಬಿತ್ತು’ ಅನ್ನೋದು ಅದಕ್ಕೆ ಹತ್ತಿರ.

ಬಲಗಡೆಯ ಕಾಲಂ ಖಾಲಿ ಬಿಟ್ಟವರೇ ಆಫೀಸಿನಲ್ಲಿ ಎಡವುವುದು. ಬೇಸ್‌ಬಾಲ್ ಆಟದಿಂದ ಬಂದಿರಬಹುದಾದ ‘ಟಚ್ ಬೇಸ್’, ಅಂದರೆ ಒಮ್ಮೆ ಮಾತಾಡಿಕೊಳ್ಳುವುದು, ಜೊತೆಯವರ ಹತ್ತಿರ ಸಲೀಸು, ಅರ್ಜಿಯಲ್ಲಿ ಅಲ್ಲ. ‘ಪ್ಲೀಸ್ ರಿವರ್ಟ್’ ಇಲ್ಲಿ ‘ಉತ್ತರ ಕೊಡಿ’ ಎಂದೇ ನಡೆಯುತ್ತದೆ. ಲಂಡನ್ನಿನ ಸಾಮಾನ್ಯ ಓದುಗರಿಗೆ ಅದು ‘ಹಿಂದಿನ ಸ್ಥಿತಿಗೆ ಮರಳಿ’ ಎಂದು ಕೇಳಿಸೀತು. ಅದರ ಎದುರು ‘ಇಲ್ಲಿನವರಿಗೆ ಮಾತ್ರ’ ಎಂದು ಬರೆಸಿ, ಹೊರದೇಶದವರಿಗೆ ‘ಪ್ಲೀಸ್ ಗೆಟ್ ಬ್ಯಾಕ್ ಟು ಮಿ’ ಸೇರಿಸುತ್ತೇನೆ.

ವಾರದ ಕೊನೆಗೆ ನಡುವಿನ ಕಾಲಂ ಮೇಲೆ ಸ್ಕೇಲ್ ಇಟ್ಟು ಮುಚ್ಚಿ, ಎಡಗಡೆಯದನ್ನು ಓದುತ್ತಾ ಇಂಗ್ಲಿಷನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಕು. 3 ಸೆಕೆಂಡಿಗಿಂತ ಹೆಚ್ಚು ತಡವರಿಸಿದ ಸಾಲು ಮುಂದಿನ ವಾರದ 6ರಲ್ಲಿ ಮತ್ತೆ ಬರುತ್ತದೆ.