ಮುಚ್ಚಿದ್ದನ್ನೇ ಮತ್ತೆ ಒತ್ತಿ ನೋಡುವ ಕೆಲಸ

ಸೀಟಿನ ಮೇಲಿನ ಸಾಮಾನಿನ ಗೂಡನ್ನು ನಾವು ಕ್ಯಾಬಿನ್ ಸಿಬ್ಬಂದಿ ‘ಹ್ಯಾಟ್‌ರ್ಯಾಕ್’ ಅನ್ನುತ್ತೇವೆ. ಟೋಪಿ ಇಡುವವರು ಈಗ ಯಾರೂ ಇಲ್ಲ, ಹೆಸರು ಮಾತ್ರ ಉಳಿದಿದೆ.

ನಾನು ಕೆಲಸ ಮಾಡುವುದು ಏರ್‌ಬಸ್ ಎ320ರಲ್ಲಿ. ಬೋರ್ಡಿಂಗ್‌ಗೆ ಮೊದಲೇ ಎಲ್ಲ ಗೂಡುಗಳನ್ನೂ ತೆರೆದು ನೋಡಬೇಕು. ನಾನು ಐದಡಿ ಎರಡಿಂಚು. ಒಳಗಿನ ಮೂಲೆ ಕಾಣುವುದೇ ಇಲ್ಲ. ಸೀಟಿನ ಬುಡದಲ್ಲಿ ಕಾಲಿಟ್ಟು ಎಕ್ಕರಿಸಿ ನೋಡುತ್ತೇನೆ. ಯಾರದ್ದೆಂದು ಗೊತ್ತಿಲ್ಲದ ಚೀಲ ಸಿಕ್ಕರೆ ಮುಟ್ಟುವಂತಿಲ್ಲ, ಕ್ಯಾಪ್ಟನ್‌ಗೆ ತಿಳಿಸಬೇಕು. ಒಮ್ಮೆ ಹಾಗೆ ಸಿಕ್ಕ ಚೀಲದಲ್ಲಿದ್ದದ್ದು ಚಕ್ಕುಲಿ ಡಬ್ಬಿ. ಫ್ಲೈಟ್ ತಡವಾಯಿತು. ಆದರೂ ಮುಂದಿನ ಸಲವೂ ಹಾಗೇ ಮಾಡುತ್ತೇನೆ.

ಆಕ್ಸಿಜನ್ ಸಿಲಿಂಡರ್, ಬೆಂಕಿ ಆರಿಸುವ ಸಾಧನ ಇರುವ ಗೂಡುಗಳೂ ಇವೆ. ಅಲ್ಲಿಗೂ ಟ್ರಾಲಿ ಬ್ಯಾಗ್ ತುರುಕುವವರಿಗೆ ಕೊರತೆಯಿಲ್ಲ.

ನನಗೆ ನಿಜವಾಗಿ ಕಲಿಸಿದ್ದು ಬೆಂಗಳೂರು–ಕೊಚ್ಚಿ ಫ್ಲೈಟು. 2024ರ ಶಬರಿಮಲೆ ಸೀಸನ್‌ನಲ್ಲಿ ಇರುಮುಡಿಯ ತೆಂಗಿನಕಾಯಿಯನ್ನು ಕ್ಯಾಬಿನ್‌ನಲ್ಲೇ ಒಯ್ಯಲು 2025ರ ಜನವರಿ 20ರವರೆಗೆ ಅನುಮತಿ ಸಿಕ್ಕಿತ್ತು. ಜಾಗ ಸಾಲದಾಗ ಸಣ್ಣ ಚೀಲಗಳನ್ನು ಮುಂದಿನ ಸೀಟಿನ ಕೆಳಗೆ ಇಡಿಸುವುದು ನಮ್ಮ ರೂಢಿ. ಇರುಮುಡಿಯನ್ನು ಕಾಲಬಳಿ ಇಡಿ ಅಂತ ಹೇಳುವುದಕ್ಕಾಗುತ್ತದಾ? ಅದರ ಮೇಲೆ ಟ್ರಾಲಿ ಹೇರುವುದೂ ಆಗದು. ಗುರುಸ್ವಾಮಿಯವರನ್ನೇ ಕೇಳಿದೆ, “ಸ್ವಾಮಿ, ಎಲ್ಲರ ಇರುಮುಡಿಗೂ ಒಂದೇ ಕಡೆ ಜಾಗ ಮಾಡಿಕೊಡಲಾ?” ಅವರೇ ನಿಂತು ಒಂದೊಂದಾಗಿ ಜೋಡಿಸಿದರು. ನಾನು ಕೈ ಹಚ್ಚಲಿಲ್ಲ.

ಆದರೆ ದುಂಡನೆಯ ಗಂಟು ಸುಮ್ನೆ ಕೂರುವುದಿಲ್ಲ, ಗೂಡಿನ ಬಾಗಿಲಿಗೇ ಒರಗುತ್ತದೆ. ಕಣ್ಣಿಗೆ ಮುಚ್ಚಿದಂತೆ ಕಾಣುವ ಬಾಗಿಲು ಲಾಕ್ ಆಗಿರುವುದಿಲ್ಲ. ಅದಕ್ಕೇ ಬಾಗಿಲ ಕಡೆ ಬರೀ ನೋಡುತ್ತಾ ನಡೆಯಬಾರದು. ಎರಡೂ ಕೈ ಮೇಲೆತ್ತಿ, ಎಡಬಲ ಒಂದೊಂದನ್ನೂ ಅಂಗೈಯಿಂದ ಒತ್ತುತ್ತಾ ಹೋಗುತ್ತೇನೆ. ‘ಟಕ್’ ಅಂದರೆ ಅದು ಈಗಷ್ಟೇ ಲಾಕ್ ಆಯಿತು ಅಂತ. ಸೀನಿಯರ್ ಮೇಡಂ ಹೇಳಿಕೊಟ್ಟದ್ದು ಇಷ್ಟೇ.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್‌ಹೇ ನಿಲ್ದಾಣದಲ್ಲಿ ಹೊರಡಲಿದ್ದ ವಿಮಾನದ ಇಂಥದೇ ಗೂಡಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಪವರ್ ಬ್ಯಾಂಕ್ ಮೇಲೆ ಅನುಮಾನ ಬಂತು. ಆಮೇಲಿನಿಂದ ಗೂಡಿನ ಬಾಗಿಲು ಮುಚ್ಚುವ ಮೊದಲು ಪವರ್ ಬ್ಯಾಂಕ್ ಕೈಯಲ್ಲೇ ಇಟ್ಟುಕೊಳ್ಳಿ ಅನ್ನುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ.

ಇರುಮುಡಿ ಜೋಡಿಸಿದ ಆ ದಿನ ಕೊಚ್ಚಿಯಲ್ಲಿ ಇಳಿದಾಗ “ನಿಧಾನ ಸ್ವಾಮಿ” ಅನ್ನುತ್ತಾ ಗೂಡಿನ ಬಾಗಿಲಿಗೆ ಅಡ್ಡ ಕೈ ಹಿಡಿದೆ. ತೆರೆದರು. ಒಂದು ಇರುಮುಡಿ ನೇರ ನನ್ನ ಅಂಗೈಗೆ ಉರುಳಿತು. ಗುರುಸ್ವಾಮಿ ನಕ್ಕು ಎತ್ತಿಕೊಂಡರು.